ಅಟ್ಟ ಇಳಿಸುವ ದಿನಗಳು: ಮುಂಬಯಿ ಮನೆಗಳ ಒಂದು ಚರಿತ್ರೆ

ಗಣಪತಿಯನ್ನು ಕಡಲಿಗೆ ಕಳುಹಿಸಿಕೊಟ್ಟು, ಪಿತೃಪಕ್ಷ ಕಳೆದು, ಮಳೆ ಹಿಂದೆ ಸರಿದು, ಆಶ್ವಯುಜದ ಬಿಸಿಲು ಕಿಟಕಿಯ ಸರಳುಗಳ ಮೇಲೆ ಬೀಳತೊಡಗಿದೊಡನೆ ಮುಂಬಯಿಯ ಮನೆಗಳಲ್ಲಿ ಒಂದು ಸದ್ದು ಏಳುತ್ತದೆ. ಅದು ಅಟ್ಟದಿಂದ ಟ್ರಂಕನ್ನು ಎಳೆಯುವ ಸದ್ದು. ಸ್ಟೂಲಿನ ಮೇಲೆ ಹತ್ತಿದವರು ಒಬ್ಬರು, ಕೆಳಗೆ ಕೈಚಾಚಿ ನಿಂತವರು ಇನ್ನೊಬ್ಬರು. ಒಂದೊಂದಾಗಿ ಇಳಿದ ಸಾಮಾನು ನೋಡನೋಡುತ್ತಿದ್ದಂತೆ ಕೋಣೆಯ ನಡುವೆ ಗುಡ್ಡವಾಗುತ್ತದೆ. ದೀಪಾವಳಿಗೆ ಹತ್ತು ಹನ್ನೆರಡು ದಿನವಿರುವಾಗ ಡೊಂಬಿವಲಿಯಿಂದ ದಹಿಸರದವರೆಗೆ, ಮುಲುಂಡಿನಿಂದ ಮಾಟುಂಗದವರೆಗೆ ಯಾವ ಮನೆಯ ಬಾಗಿಲು ತಟ್ಟಿದರೂ ಕಾಣುವ ನೋಟ ಇದೇ. ಮರಾಠಿ ನೆರೆಯವರು ಇದನ್ನು ಸಾಫ್‌ಸಫಾಯಿ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ‘ಅಟ್ಟ ಇಳಿಸುವುದು’ ಎಂಬ ಮಾತು ರೂಢಿಗೆ ಬಂದಿದೆ.

ಈ ಕೆಲಸಕ್ಕೂ ಹಬ್ಬದ ಸಂಭ್ರಮಕ್ಕೂ ಹಳೆಯದೊಂದು ಜಗಳವಿದೆ. ಆರು ದಿನ ಲೋಕಲ್ ಗಾಡಿಯಲ್ಲಿ ನಿಂತು ಬಂದವರು ಏಳನೆಯ ದಿನ ಸ್ಟೂಲು ಹತ್ತುತ್ತಾರೆ. ನರಕ ಚತುರ್ದಶಿಯ ಬೆಳಗಿನ ಜಾವ ತಲೆಗೆ ಎಣ್ಣೆ ಇಡುವ ಹೊತ್ತಿಗೆ ಹೆಂಗಸರ ಸೊಂಟ ಹಿಡಿದಿರುತ್ತದೆ, ಗಂಡಸರ ಮುಖ ಗಂಟಿಕ್ಕಿರುತ್ತದೆ, ಮಕ್ಕಳು ರದ್ದಿಗೆ ಹೋದ ಯಾವುದೋ ಪುಸ್ತಕಕ್ಕಾಗಿ ಅಳುತ್ತಿರುತ್ತಾರೆ. ಹಬ್ಬಕ್ಕಾಗಿ ಹೊರಟ ಕೆಲಸ ಹಬ್ಬವನ್ನೇ ನುಂಗಿಬಿಡುತ್ತದೆ. ಇದು ಏಕೆ ಹೀಗೆ ಎಂದು ಯೋಚಿಸುತ್ತ ಹಿಂದಿನ ನೂರಿಪ್ಪತ್ತು ನೂರಮೂವತ್ತು ವರ್ಷಗಳತ್ತ ನೋಡಿದಾಗ ನಮಗೆ ಒಂದು ವಿಷಯ ಕಂಡಿತು. ಮನೆಯಲ್ಲಿ ಯಾವುದು ಉಳಿಯಬೇಕು, ಯಾವುದು ಹೊರಗೆ ಹೋಗಬೇಕು ಎಂಬುದನ್ನು ಮುಂಬಯಿಯ ಸಾಮಾನ್ಯ ಜನ ತಾವೇ ಕುಳಿತು, ನಿಶ್ಚಿಂತೆಯಿಂದ ತೀರ್ಮಾನಿಸಿದ್ದು ತೀರಾ ಕಡಿಮೆ. ರೋಗವೋ, ಕಾನೂನೋ, ಮುಷ್ಕರವೋ, ಮಳೆಯೋ, ಬಿಲ್ಡರನೋ ಯಾರಾದರೂ ಬಾಗಿಲಲ್ಲಿ ನಿಂತು ಬೇಗ ಬೇಗ ಎಂದು ಅವಸರಿಸಿದ್ದಾರೆ. ಆ ಅವಸರದ ಕಥೆಯನ್ನು ಈ ಬರಹದಲ್ಲಿ ಹೇಳಲು ಯತ್ನಿಸುತ್ತೇವೆ.

ಊರಿನ ಮನೆಗಳಿಂದಲೇ ಆರಂಭಿಸಬೇಕು. ದೀಪಾವಳಿಯ ಮುನ್ನಾದಿನವನ್ನು ಕನ್ನಡ ನಾಡು ‘ನೀರು ತುಂಬುವ ಹಬ್ಬ’ ಎಂದು ಕರೆದಿದೆ. ಬಚ್ಚಲೊಲೆಯ ಬೂದಿ ತೆಗೆದು, ಹಂಡೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ, ಅದರ ಕೊರಳಿಗೆ ಹೂವೋ ಬಳ್ಳಿಯೋ ಸುತ್ತಿ, ಬಾವಿಯ ನೀರು ಸೇದಿ ತುಂಬುವುದೇ ಅಂದಿನ ಪೂಜೆ. ಅಂಗಳಕ್ಕೆ ಸೆಗಣಿ, ಗೋಡೆಗೆ ಸುಣ್ಣ, ಹೊಸ್ತಿಲಿಗೆ ಕೆಮ್ಮಣ್ಣು. ಅಲ್ಲಿ ಮನೆ ಶುಚಿಮಾಡುವುದೆಂದರೆ ವಸ್ತುವನ್ನು ಎಸೆಯುವುದಾಗಿರಲಿಲ್ಲ, ಅದರ ಜಾಗ ಬದಲಿಸುವುದಾಗಿತ್ತು. ಹರಿದ ಸೀರೆ ಉತ್ತರ ಕರ್ನಾಟಕದಲ್ಲಿ ಕೌದಿಯಾಯಿತು, ಒಡೆದ ಮಡಕೆ ಗಿಡದ ಬುಡ ಸೇರಿತು, ತೂತಾದ ಹಿತ್ತಾಳೆ ಪಾತ್ರೆ ಕಂಚುಗಾರನ ಮೂಸೆಗೆ ಹೋಗಿ ಮತ್ತೊಂದು ಪಾತ್ರೆಯಾಗಿ ಬಂತು. ಹಿತ್ತಿಲು, ಕೊಟ್ಟಿಗೆ, ಅಟ್ಟ ಇದ್ದ ಮನೆಗೆ ‘ಬೇಡ’ ಎಂಬ ಮಾತನ್ನು ಆಡುವ ಅಗತ್ಯವೇ ಬೀಳಲಿಲ್ಲ.

ಅಂಥ ಮನೆಯಿಂದ ಹೊರಟ ಹುಡುಗ ಒಂದು ತಗಡಿನ ಟ್ರಂಕಿನೊಡನೆ ಮುಂಬಯಿಗೆ ಬಂದ. ದಕ್ಷಿಣ ಕನ್ನಡದವರು ಮಂಗಳೂರಿನಿಂದ ಹಡಗು ಹತ್ತಿ ಬಂದರು; ಧಾರವಾಡ, ಬೆಳಗಾವಿ, ಬಿಜಾಪುರದ ಕಡೆಯವರು ರೈಲಿನಲ್ಲಿ ಬಂದರು. ಆಗ ಅವರ ಜಿಲ್ಲೆಗಳೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಹೋಟೆಲಿನಲ್ಲಿ ದುಡಿದವನಿಗೆ ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳ ನಡುವಿನ ನೆಲವೇ ಹಾಸಿಗೆ, ಟ್ರಂಕೇ ಮನೆ. ಚಾಳಿನ ಕೋಣೆಯನ್ನು ಹತ್ತಾರು ಜನ ಹಂಚಿಕೊಂಡಲ್ಲಿ ಒಬ್ಬೊಬ್ಬನಿಗೆ ಒಂದು ಗೂಟ, ಒಂದು ಟ್ರಂಕಿನ ಅಗಲ. ಕೋಣೆಯ ಮೂಲೆಯಲ್ಲಿ ಒಂದು ಮೋರಿ, ಅದೇ ಬಚ್ಚಲು, ಅದೇ ಪಾತ್ರೆ ತೊಳೆಯುವ ಜಾಗ. ಊರಿನ ಹಂಡೆಗೆ ಅಲ್ಲಿ ಎಡೆಯಿಲ್ಲ. ಬೆಳಗಿನ ಜಾವದಲ್ಲಿ ಸ್ವಲ್ಪ ಹೊತ್ತು ಬರುವ ನಲ್ಲಿಯ ನೀರನ್ನು ಡ್ರಮ್ಮಿಗೆ ಹಿಡಿದಿಡುವ ಊರಿನಲ್ಲಿ ದಿನವೂ ನೀರು ತುಂಬುವ ಹಬ್ಬವೇ ಎಂದು ನಮ್ಮ ಹಿರಿಯರು ನಗುತ್ತಿದ್ದರು.

ಈ ಇಕ್ಕಟ್ಟಿನ ಮನೆಗಳ ಬಾಗಿಲನ್ನು ಸರಕಾರ ಮೊದಲ ಸಲ ತಟ್ಟಿದ್ದು 1896ರ ನಂತರ. ಆ ವರ್ಷದ ಸೆಪ್ಟೆಂಬರಿನಲ್ಲಿ ಮಾಂಡವಿಯ ಧಾನ್ಯದ ಗೋದಾಮುಗಳ ಪಕ್ಕದ ಓಣಿಗಳಲ್ಲಿ ಗೋವಾ ಮೂಲದ ವೈದ್ಯ ಡಾ. ಅಕಾಸಿಯೊ ಗೇಬ್ರಿಯಲ್ ವೀಗಸ್ ಅವರು ಗೆಡ್ಡೆ ಪ್ಲೇಗನ್ನು ಗುರುತಿಸಿದರು. ಜನ ಊರು ಬಿಡತೊಡಗಿದರು; ಕೆಲವೇ ತಿಂಗಳಲ್ಲಿ ಲಕ್ಷಾಂತರ ಮಂದಿ ನಗರವನ್ನು ತೊರೆದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು; ಮಾರ್ಚಿನಲ್ಲಿ ಜನರಲ್ ಗ್ಯಾಟಕರ್ ಅವರ ನಾಯಕತ್ವದಲ್ಲಿ ಪ್ಲೇಗ್ ಸಮಿತಿ ರಚನೆಯಾಯಿತು. ತಪಾಸಣೆಯ ತಂಡಗಳು ಮನೆಮನೆ ಹೊಕ್ಕವು. ಹಾಸಿಗೆ, ಬಟ್ಟೆಬರೆ ಹೊರಬಂದು ಬೆಂಕಿಗೆ ಬಿದ್ದವು. ಗೋಡೆಗೆ ಸುಣ್ಣ, ನೆಲಕ್ಕೆ ರೋಗನಾಶಕ. ಬೆಳಕು ಬರಲೆಂದು ಮಾಡಿನ ಹಂಚು ಕಿತ್ತರು. ವಾಸಕ್ಕೆ ತಕ್ಕುದಲ್ಲವೆಂದು ಕಂಡ ಮನೆಯ ಮೇಲೆ ‘ಯು.ಎಚ್.ಎಚ್.’ ಎಂಬ ಇಂಗ್ಲಿಷಿನ ಮೂರು ಅಕ್ಷರ ಬರೆದು ಹೋದರು. ಆಸ್ಪತ್ರೆಗೆ ಒಯ್ಯುವರೆಂಬ ಭಯದಿಂದ ರೋಗಿಗಳನ್ನು ಅಟ್ಟದಲ್ಲೂ ಕಪಾಟಿನಲ್ಲೂ ಬಚ್ಚಿಟ್ಟವರಿದ್ದರು. ಇಂದು ಸೂಟ್‌ಕೇಸು ಇಡುವ ಜಾಗದಲ್ಲಿ ಅಂದು ಜ್ವರ ಬಂದ ಮಗು ಉಸಿರು ಬಿಗಿಹಿಡಿದು ಮಲಗಿದ್ದಿರಬಹುದು ಎಂಬುದನ್ನು ಅಟ್ಟ ಇಳಿಸುವಾಗ ನಾವು ನೆನೆಯುವುದಿಲ್ಲ.

ಆ ಅವಸರದ ಹಿಂದಿದ್ದ ತಿಳಿವಳಿಕೆ ಅರ್ಧದ್ದು. ಕೊಳೆಯಿಂದಲೂ ಕೆಟ್ಟ ಗಾಳಿಯಿಂದಲೂ ರೋಗ ಹುಟ್ಟುತ್ತದೆಂದು ಅಧಿಕಾರಿಗಳು ನಂಬಿದ್ದರು. ಇಲಿಯ ಮೈಮೇಲಿನ ಚಿಗಟ ರೋಗವನ್ನು ಹೊತ್ತು ತರುತ್ತದೆಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ಆ ಮಾತನ್ನು ವೈದ್ಯಲೋಕ ಒಪ್ಪಲು ಇನ್ನೂ ಕೆಲವು ವರ್ಷ ಬೇಕಾದವು. ಅಷ್ಟರೊಳಗೆ ಎಷ್ಟೋ ಬಡವರ ಕಂಬಳಿ, ತೊಟ್ಟಿಲು, ಮದುವೆಯ ಸೀರೆ ಬೂದಿಯಾಗಿದ್ದವು. ಪುಣೆಯಲ್ಲಿ ಈ ತಪಾಸಣೆಯ ಮೇಲಿನ ಸಿಟ್ಟು 1897ರ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡರ ಕೊಲೆಗೆ ಎಡೆಮಾಡಿತು. ಮರುವರ್ಷ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಮಲ್ಲೇಶ್ವರ, ಬಸವನಗುಡಿಯ ಅಗಲ ಬೀದಿಗಳು ಅದರ ನೆನಪನ್ನು ಇಂದಿಗೂ ಹೊತ್ತಿವೆ. ನಮ್ಮವರಿಗೆ ಮನೆಯೊಳಗಿನ ವಸ್ತುವಿನ ಬಗೆಗೆ ಇರುವ ಆತಂಕಕ್ಕೆ ಇಲ್ಲಿಯೂ ಒಂದು ಬೇರಿದೆ ಎಂದು ನಮಗನ್ನಿಸುತ್ತದೆ. ಹೊರಗಿನವರು ಒಳನುಗ್ಗಿ ‘ಇದೆಲ್ಲ ಕಸ’ ಎಂದು ತೀರ್ಪು ಕೊಟ್ಟ ದಿನ ಮನೆಯ ಹೆಂಗಸಿಗೆ ಬಾಯಿ ಇರಲಿಲ್ಲ.

ಪ್ಲೇಗಿನ ಫಲವಾಗಿ 1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದು ಇಕ್ಕಟ್ಟಾದ ಕೇರಿಗಳನ್ನು ಕೆಡವಿ ರಸ್ತೆಗಳನ್ನು ತೆರೆಯಿತು, ಚಾಳುಗಳನ್ನು ಕಟ್ಟಿಸಿತು, ದಾದರ್ ಮಾಟುಂಗದ ಬಯಲಿನಲ್ಲಿ ಮರಗಳ ಸಾಲಿನ ಹೊಸ ಬಡಾವಣೆಗಳನ್ನು ರೂಪಿಸಿತು. ದಕ್ಷಿಣದಿಂದ ಬಂದ ಗುಮಾಸ್ತರೂ ಶಿಕ್ಷಕರೂ ಹೋಟೆಲಿನವರೂ ಮಾಟುಂಗದಲ್ಲಿ ನೆಲೆಯೂರಿದ್ದು ಹೀಗೆ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಆ ಸುತ್ತಿನಲ್ಲೇ ಬೇರುಬಿಟ್ಟವು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಆರಂಭವಾದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರಳಿ, ನಾಯಗಾಂವ್, ಲೋವರ್ ಪರೇಲ್, ಶಿವಡಿಗಳಲ್ಲಿ 207 ಕಾಂಕ್ರೀಟ್ ಚಾಳುಗಳನ್ನು ನಿಲ್ಲಿಸಿತು. ಕಟ್ಟಡವೊಂದಕ್ಕೆ 80 ಕೋಣೆ, ಕೋಣೆಯೊಂದಕ್ಕೆ ಸುಮಾರು 160 ಚದರಡಿ, ಶೌಚಾಲಯ ಹೊರಗೆ ಎಲ್ಲರಿಗೂ ಸೇರಿ. ಗಾಳಿ ಬೆಳಕಿನ ಲೆಕ್ಕ ಹಾಕಿದ ಆ ಇಂಜಿನಿಯರುಗಳು ಅಜ್ಜಿಯ ಟ್ರಂಕಿಗೆ, ಮಗುವಿನ ತೊಟ್ಟಿಲಿಗೆ, ಉಪ್ಪಿನಕಾಯಿಯ ಭರಣಿಗೆ ಜಾಗ ಲೆಕ್ಕ ಹಾಕಿರಲಿಲ್ಲ. ಅದನ್ನು ಕಂಡುಕೊಂಡವರು ಅಲ್ಲಿ ಬದುಕಿದವರು. ಗೋಡೆಯಿಂದ ಗೋಡೆಗೆ ಹಲಗೆ ಜೋಡಿಸಿ ಆಳಿನ ತಲೆಗಿಂತ ತುಸು ಮೇಲೆ ಒಂದು ಅರ್ಧ ಮಹಡಿ ಮಾಡಿಕೊಂಡರು. ಮರಾಠಿಯಲ್ಲಿ ಅದಕ್ಕೆ ಪೋಟಮಾಳಾ ಎಂದು ಹೆಸರು, ಹೊಟ್ಟೆಯೊಳಗಿನ ಮಹಡಿ ಎಂದು ಅರ್ಥ ಮಾಡಿಕೊಳ್ಳಬಹುದು. ಮುಂಬಯಿಯ ಅಟ್ಟ ಹುಟ್ಟಿದ್ದು ಹೀಗೆ. ರಾತ್ರಿ ಅದರ ಮೇಲೆ ಮದುವೆಯಾದ ಮಗ ಸೊಸೆ ಮಲಗಿದರು, ಹಗಲು ಅದರ ಮೂಲೆಯಲ್ಲಿ ಊರಿನ ನೆನಪುಗಳು ಮಲಗಿದವು.

ಮನೆಯ ಬಟ್ಟೆಬರೆಯನ್ನು ಜನ ತಾವಾಗಿಯೇ ಹೊರತಂದ ಒಂದು ದಿನವೂ ಈ ನಗರದ ಚರಿತ್ರೆಯಲ್ಲಿದೆ. 1921ರ ಜುಲೈ 31ರಂದು ಪರೇಲಿನ ಎಲ್ಫಿನ್‌ಸ್ಟನ್ ಗಿರಣಿಯ ಬಳಿ ಮಹಾತ್ಮ ಗಾಂಧಿಯವರು ವಿದೇಶಿ ಬಟ್ಟೆಯ ರಾಶಿಗೆ ಬೆಂಕಿಯಿಟ್ಟರು. ಟ್ರಂಕಿನ ತಳದಿಂದ ರೇಷ್ಮೆಯ ಸೀರೆ, ಕೋಟು, ಟೋಪಿ ತೆಗೆದು ತಂದು ಜನ ಆ ರಾಶಿಗೆ ಹಾಕಿದರು. ಹೊಲಿಗೆಯ ಬಟ್ಟೆಯನ್ನೇ ಕಾಣದ ಬಡವರಿರುವ ನಾಡಿನಲ್ಲಿ ಹೀಗೆ ಸುಡುವುದು ಸರಿಯೇ ಎಂದು ರವೀಂದ್ರನಾಥ ಠಾಕೂರರು ಕೇಳಿದ್ದೂ ಉಂಟು. ಆ ವಾದ ಏನೇ ಇರಲಿ, ಕಾಲು ಶತಮಾನದ ಹಿಂದೆ ಸರಕಾರದ ಆಳುಗಳು ಕಿತ್ತೊಯ್ದು ಸುಟ್ಟ ಬಟ್ಟೆಗೂ, ಮನೆಯವರೇ ಆರಿಸಿ ಒಪ್ಪಿಸಿದ ಈ ಬಟ್ಟೆಗೂ ಇರುವ ಅಂತರ ದೊಡ್ಡದು. ಒಂದರಲ್ಲಿ ಮನೆ ಅವಮಾನಗೊಂಡಿತು, ಇನ್ನೊಂದರಲ್ಲಿ ಮನೆ ಮಾತಾಡಿತು. ಬೆಂಕಿ ಎರಡರಲ್ಲೂ ಒಂದೇ.

ಸ್ವಾತಂತ್ರ್ಯದ ವರ್ಷವೇ ಬಂದ 1947ರ ಬಾಡಿಗೆ ನಿಯಂತ್ರಣ ಕಾಯಿದೆ ಅಟ್ಟಗಳ ಕಥೆಯನ್ನು ಬೇರೆ ದಿಕ್ಕಿಗೆ ತಿರುಗಿಸಿತು. ಬಾಡಿಗೆಯನ್ನು ಅದು 1940ರ ಮಟ್ಟದಲ್ಲಿ ಕಟ್ಟಿಹಾಕಿತು. ಕೈಗೆಟಕುವ ಬಾಡಿಗೆಯ ಕೋಣೆಯನ್ನು ಯಾರೂ ಬಿಟ್ಟುಕೊಡಲಿಲ್ಲ. ಊರಿನಿಂದ ಹೆಂಡತಿ ಬಂದಳು, ತಮ್ಮ ಬಂದ, ಮಕ್ಕಳು ಹುಟ್ಟಿ ಬೆಳೆದು ಮದುವೆಯಾದರು. ಕೋಣೆ ಮಾತ್ರ ಅಷ್ಟೇ ಉಳಿಯಿತು. ಮೂರು ತಲೆಮಾರಿನ ಸಾಮಾನು ಒಂದೇ ಅಟ್ಟದ ಮೇಲೆ ಪದರ ಪದರವಾಗಿ ಕೂತಿತು. ಭೂಮಿಯನ್ನು ಅಗೆಯುವವರಿಗೆ ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು. ನಮ್ಮ ಅಟ್ಟದಲ್ಲಿ ಮುಂದಿನದು ಹೊಸದು, ಗೋಡೆಗೆ ಒತ್ತಿದ್ದು ಹಳೆಯದು. ಮುಂದೆ ಮಿಕ್ಸರಿನ ಖಾಲಿ ಡಬ್ಬಿ, ಅದರ ಹಿಂದೆ ಮಕ್ಕಳ ಶಾಲೆಯ ಪುಸ್ತಕ, ಅದರ ಹಿಂದೆ ಗಿಂಡಿ ಮತ್ತು ತಪ್ಪಲೆ, ಎಲ್ಲಕ್ಕೂ ಹಿಂದೆ ಹಡಗಿನಲ್ಲಿ ಬಂದ ಟ್ರಂಕು.

ಆ ಪದರಗಳಿಗೆ ಗಿರಾಕಿಗಳೂ ಇದ್ದರು. ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿಗೆ ತಲೆಯ ಮೇಲೆ ಹೊಳೆಯುವ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತ ವಾಘ್ರಿ ಸಮುದಾಯದ ಹೆಂಗಸರು ಚಾಳಿನ ಮೊಗಸಾಲೆಗೆ ಬರುತ್ತಿದ್ದರು. ಹಳೆಯ ಸೀರೆ, ಪ್ಯಾಂಟು ಕೊಟ್ಟರೆ ಒಂದು ಡಬ್ಬಿ, ಜರಿಯ ಸೀರೆಯಾದರೆ ಒಂದು ಕೊಡ. ಗಂಟೆಗಟ್ಟಲೆ ನಡೆಯುತ್ತಿದ್ದ ಆ ಚೌಕಾಸಿಯಲ್ಲಿ ಮನೆಯ ಯಜಮಾನಿಯೇ ನ್ಯಾಯಾಧೀಶೆ. ಯಾವುದನ್ನು ಕೊಡಬೇಕು, ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ಆಕೆ ತನ್ನ ಬಾಯಿಂದ ಹೇಳುವ ಒಂದು ಅಂಗಳ ಅದಾಗಿತ್ತು. ಹಿತ್ತಾಳೆ ತಾಮ್ರ ಹೋಗಿ ಸ್ಟೀಲು ಬಂದಾಗ ತಿಕ್ಕುವ ಕಷ್ಟ ಕಡಿಮೆಯಾಯಿತು, ತಾಯಿ ಕೊಟ್ಟ ಪಾತ್ರೆಯ ಮೇಲೆ ಕೊರೆದಿದ್ದ ಹೆಸರೂ ಹೋಯಿತು. ಕಾಗದವನ್ನು ಒಯ್ಯಲು ರದ್ದಿಯವನಿದ್ದ, ಗಾಜು ಕಬ್ಬಿಣಕ್ಕೆ ಕಬಾಡಿಯವನಿದ್ದ, ಮರದ ಸಾಮಾನಿಗೆ ಚೋರ್ ಬಜಾರಿತ್ತು, ಉಳಿದದ್ದಕ್ಕೆ ಧಾರಾವಿ. ಧಾರಾವಿಯ ‘ಹದಿಮೂರನೇ ಕಂಪೌಂಡ್’ ಎಂಬ ಕಡೆ ಈ ಮಹಾನಗರದ ಪ್ಲಾಸ್ಟಿಕ್ಕು, ತಗಡು, ರಟ್ಟು ಇಂದಿಗೂ ವಿಂಗಡವಾಗಿ ಮರುಹುಟ್ಟು ಪಡೆಯುತ್ತವೆ. ನಾವು ‘ಎಸೆದೆವು’ ಎಂದುಕೊಂಡದ್ದನ್ನು ಇನ್ನೊಬ್ಬರು ದುಡಿದು ಉಳಿಸಿದ್ದಾರೆ. ನಮ್ಮ ಹಬ್ಬದ ಚೊಕ್ಕತನ ಅವರ ಕೈಕೊಳೆಯ ಮೇಲೆ ನಿಂತಿದೆ ಎಂಬುದು ನೆನಪಿನಲ್ಲಿರಬೇಕಾದ ಮಾತು.

ಅವಸರ ಮತ್ತೆ ಬಂತು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ತಿಂಗಳುಗಳು ಉರುಳಿದರೂ ಸಂಬಳವಿಲ್ಲ. ಗಿರಣಗಾಂವಿನ ಕೋಣೆಗಳಿಂದ ಮೊದಲು ರೇಡಿಯೋ ಹೋಯಿತು, ಆಮೇಲೆ ಹೊಲಿಗೆ ಯಂತ್ರ, ಆಮೇಲೆ ಪಾತ್ರೆ. ದಸರೆಯ ದಿನ ಮಗ್ಗಗಳನ್ನು ಒರೆಸಿ ಹೂ ಮುಡಿಸುತ್ತಿದ್ದ ಕೈಗಳಿಗೆ ಒರೆಸಲು ಏನೂ ಉಳಿಯಲಿಲ್ಲ. ಗಿರಣಿಗಳ ಸುತ್ತ ಬದುಕಿದ್ದ ನಮ್ಮ ಖಾನಾವಳಿ, ಚಹಾದಂಗಡಿಗಳೂ ಸೊರಗಿದವು. ಹಲವರು ಇದ್ದಬದ್ದ ಸಾಮಾನು ಕಟ್ಟಿ ಊರಿಗೆ ಮರಳಿದರು. ಬಡತನ ಮನೆಯನ್ನು ಖಾಲಿ ಮಾಡಿದರೆ ಅದಕ್ಕೆ ಅಚ್ಚುಕಟ್ಟು ಎಂದು ಯಾರೂ ಹೆಸರಿಡುವುದಿಲ್ಲ.

2005ರ ಜುಲೈ 26ರಂದು ಅವಸರಿಸಿದ್ದು ಮಳೆ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಮೀಠಿ ನದಿ ಉಕ್ಕಿತು. ಕಾಲಿನಾ, ಕುರ್ಲಾ ಮುಳುಗಿದವು, ಅತ್ತ ಕಲ್ಯಾಣ ಬದಲಾಪುರಗಳಲ್ಲೂ ನೀರು ಮನೆ ಹೊಕ್ಕಿತು. ನೀರಿಳಿದ ಮೇಲೆ ಬೀದಿಯುದ್ದಕ್ಕೂ ಊದಿಕೊಂಡ ಹಾಸಿಗೆ, ಕಪಾಟು, ಪುಸ್ತಕದ ಗುಡ್ಡೆಗಳು. ನೆಲಮಹಡಿಯವರ ಆಲ್ಬಮ್ಮುಗಳಲ್ಲಿ ಮುಖಗಳು ಕರಗಿ ಬಣ್ಣದ ನೀರಾಗಿದ್ದವು. ಆಗ ಬದುಕಿಕೊಂಡದ್ದು ಅಟ್ಟ ಸೇರಿದ್ದ ವಸ್ತು. ‘ಬೇಡದ್ದು’ ಎಂದು ಮೇಲೇರಿಸಿದ್ದು ಉಳಿಯಿತು, ‘ಬೇಕಾದದ್ದು’ ಎಂದು ಕೈಗೆ ಸಿಗುವಂತೆ ಇಟ್ಟದ್ದು ಹೋಯಿತು.

ಹಾಗೆ ಉಳಿದದ್ದು ಒಂದು ದೀಪಾವಳಿಯ ಅವಸರಕ್ಕೆ ಸಿಕ್ಕಿ ಹೋದ ಪ್ರಸಂಗವನ್ನು ನಮ್ಮ ಬಳಗದ ಒಂದು ಮನೆಯಿಂದ ಹೇಳಬೇಕು. ಹಬ್ಬಕ್ಕೆ ಒಂದು ವಾರವಿದ್ದ ಭಾನುವಾರ, ಅಟ್ಟದ ಕಾಗದವನ್ನೆಲ್ಲ ಗೋಣಿಗೆ ತುಂಬಿ ರದ್ದಿಯಂಗಡಿಗೆ ಕೊಟ್ಟೆವು. ತಕ್ಕಡಿಯ ಮುಳ್ಳು ನಿಂತಿತು, ಹಣ ಬಂತು, ಅದರಲ್ಲಿ ಆಕಾಶಬುಟ್ಟಿ ಬಂತು. ಸಂಜೆ ದೀಪದ ಕೆಳಗೆ ಕುಳಿತ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: “ಆ ನೀಲಿ ಗಂಟು ಎಲ್ಲಿ?” ನೀಲಿ ಬಟ್ಟೆಯ ಗಂಟಿನಲ್ಲಿ ಅವರು ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಕಾಲದ ನೋಟುಪುಸ್ತಕಗಳಿದ್ದವು, ಊರಿನಿಂದ ತಾಯಿ ಬೇರೆಯವರ ಕೈಯಲ್ಲಿ ಬರೆಯಿಸಿ ಕಳುಹಿಸಿದ ಪೋಸ್ಟ್‌ಕಾರ್ಡುಗಳಿದ್ದವು. ಮರುದಿನ ಬೆಳಗ್ಗೆ ಅಂಗಡಿಗೆ ಓಡಿದಾಗ ಗೋಣಿ ರಾತ್ರಿಯೇ ಗೋದಾಮಿಗೆ ಹೋಗಿತ್ತು. ಅಂಗಡಿಯವನ ತಪ್ಪೇನೂ ಇರಲಿಲ್ಲ. ಅವನು ತೂಕ ಮಾಡಿದ್ದ, ನಾವು ಓದಿ ನೋಡಿರಲಿಲ್ಲ. ಹಿರಿಯರು ಬೈಯಲಿಲ್ಲ. “ಹೋಗಲಿ, ಹಬ್ಬದ ದಿನ ಮುಖ ಬಾಡಿಸಬೇಡಿ” ಎಂದಷ್ಟೇ ಅಂದರು. ಆ ವರ್ಷದ ಆಕಾಶಬುಟ್ಟಿಯನ್ನು ನಾವು ತಲೆಯೆತ್ತಿ ನೋಡಲಿಲ್ಲ.

ಅದು ಒಂದು ಮನೆಯ ನಷ್ಟವೆಂದು ಸುಮ್ಮನಾಗುವಂತಿಲ್ಲ. ಮುಂಬಯಿ ಕನ್ನಡಿಗರ ಚರಿತ್ರೆ ಹೆಚ್ಚಾಗಿ ಸರಕಾರಿ ದಫ್ತರಗಳಲ್ಲಿಲ್ಲ. 1902ರಲ್ಲಿ ಆರಂಭವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ಹತ್ತಾರು ಸಂಘಗಳು, ರಾತ್ರಿಶಾಲೆಗಳು, ಭಜನಾ ಮಂಡಳಿಗಳು, ಯಕ್ಷಗಾನದ ತಂಡಗಳು ಈ ನಗರದಲ್ಲಿ ಬಾಳಿವೆ. ‘ಮೊಗವೀರ’, ‘ಅಕ್ಷಯ’, ‘ನೇಸರು’ ಮೊದಲಾದ ಪತ್ರಿಕೆಗಳು ಇಲ್ಲಿ ಅಚ್ಚಾಗಿವೆ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿಯವರ ಬರಹಗಳಲ್ಲಿ ಈ ಬದುಕಿನ ಒಳಗು ಕಥೆಯಾಗಿ ಉಳಿದಿದೆ. ಆದರೆ ಆ ಕಥೆಗಳ ಹಿಂದಿನ ಕಚ್ಚಾ ಸಾಮಗ್ರಿ ಎಲ್ಲಿದೆ? ಸಂಘದ ವಾರ್ಷಿಕ ವರದಿ, ನಾಟಕದ ಕರಪತ್ರ, ಮದುವೆಯ ಕರೆಯೋಲೆ, ಮಹಾನಗರಪಾಲಿಕೆಯ ಕನ್ನಡ ಶಾಲೆಯ ಅಂಕಪಟ್ಟಿ, ಹೋಟೆಲಿನ ದಿನಚರಿ, ಹಡಗಿನ ಟಿಕೇಟು ಇವೆಲ್ಲ ಇರುವುದು ನಮ್ಮ ನಿಮ್ಮ ಅಟ್ಟಗಳ ಮೇಲೆ. ಮನೆಯ ಮಕ್ಕಳಿಗೆ ಕನ್ನಡ ಓದಲು ಬಾರದಾದಾಗ ಅವೆಲ್ಲ ಒಂದೇ ಬಣ್ಣದ ಹಳೆಯ ಕಾಗದವಾಗಿ ಕಾಣುತ್ತವೆ. ಓದಲಾರದ ಅಕ್ಷರಕ್ಕೆ ಮನೆಯಲ್ಲಿ ಉಳಿಯುವುದು ತೂಕ ಮಾತ್ರ. ಇದೇ ದೀಪಾವಳಿಯಲ್ಲಿ ಗುಜರಾತಿ ವರ್ತಕರು ಹೊಸ ಚೋಪಡಾಕ್ಕೆ ಕುಂಕುಮ ಹಚ್ಚಿ ಪೂಜಿಸುತ್ತಾರೆ. ಲೆಕ್ಕದ ಪುಸ್ತಕಕ್ಕೆ ಅಷ್ಟು ಮರ್ಯಾದೆ ಕೊಡುವ ನೆರೆಯವರಿಂದ ನಾವು ಕಲಿಯುವುದಿದೆ. ನಮ್ಮ ಬದುಕಿನ ಲೆಕ್ಕವೂ ಕಾಗದದಲ್ಲೇ ಇದೆ.

ಇಂದು ಬಾಗಿಲಲ್ಲಿ ನಿಂತಿರುವ ಅವಸರ ಪುನರ್ನಿರ್ಮಾಣದ್ದು. ವರಳಿಯ ಬಿಡಿಡಿ ಚಾಳಿನ ಮೊದಲ ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ ಹೊಸ ಗೋಪುರಗಳ ಬೀಗದಕೈ ದೊರೆಯಿತು. 160 ಚದರಡಿಯಿಂದ 500 ಚದರಡಿಗೆ ಏರುವುದು ಸಣ್ಣ ಸಂತೋಷವಲ್ಲ. ಮೂರು ತಲೆಮಾರು ಸಾಲಿನಲ್ಲಿ ನಿಂತ ಶೌಚಾಲಯ ಈಗ ಮನೆಯೊಳಗೇ ಇದೆ. ಉಪನಗರಗಳಲ್ಲೂ ಅರುವತ್ತು ಎಪ್ಪತ್ತರ ದಶಕದ ಸೊಸೈಟಿಗಳು ಒಂದೊಂದಾಗಿ ಕೆಡವಲ್ಪಡುತ್ತಿವೆ. ಬಿಲ್ಡರನ ಕಾಗದ ಬಂದ ಮೇಲೆ ಬಾಡಿಗೆಯ ಮನೆಗೆ ಹೋಗಬೇಕು, ಎರಡು ಮೂರು ವರ್ಷದ ನಂತರ ಮರಳಬೇಕು. ಎರಡು ಸಲದ ಸ್ಥಳಾಂತರದಲ್ಲಿ ಟೆಂಪೋದವನು ‘ಇದು ಬೇಕೇ?’ ಎಂದು ಕೇಳುತ್ತಾನೆ. ಉತ್ತರಿಸಲು ಅರ್ಧ ನಿಮಿಷ ಸಿಗುತ್ತದೆ. ಹೊಸ ಮನೆಯ ಚಿತ್ರಗಳಲ್ಲಿ ಅಟ್ಟ ಇರುವುದಿಲ್ಲ. ಸುಳ್ಳು ಛಾವಣಿಯ ಹಿಂದೆ ದೀಪಗಳಿರುತ್ತವೆ, ಟ್ರಂಕಿಗೆ ಜಾಗವಿರುವುದಿಲ್ಲ.

ಹಾಗಾದರೆ ಏನನ್ನೂ ಎಸೆಯಬಾರದೇ? ಆ ಮಾತನ್ನು ನಾವು ಹೇಳುತ್ತಿಲ್ಲ. ಸಾಮಾನಿನ ನಡುವೆ ಉಸಿರುಕಟ್ಟಿ ಬದುಕಿದ ತಾಯಂದಿರನ್ನು ಕಂಡವರು ನಾವು. ಅಟ್ಟದ ಭಾರ ಕೊನೆಗೆ ಬೀಳುತ್ತಿದ್ದುದು ಅವರ ಬೆನ್ನಿನ ಮೇಲೆಯೇ. ಒಡೆದ ಬಕೆಟ್ಟು, ಓಡದ ಫ್ಯಾನು, ಯಾರಿಗೂ ಹಿಡಿಸದ ಚಪ್ಪಲಿ ಹೋಗಲೇಬೇಕು. ಬೇಕಾದದ್ದು ಕಾಲಕ್ರಮವೊಂದೇ. ಹೊರಗಿನ ಯಾವ ಅವಸರವೂ ಇಲ್ಲದೆ ಮನೆಯನ್ನು ಬಿಡಿಸಿ ನೋಡುವ ಅವಕಾಶವನ್ನು ಪಂಚಾಂಗ ವರ್ಷಕ್ಕೊಮ್ಮೆ ನಮಗೆ ಕೊಡುತ್ತದೆ. ಅದನ್ನೂ ಹಬ್ಬದ ಹಿಂದಿನ ಎರಡು ಭಾನುವಾರಗಳಿಗೆ ತುರುಕಿ ನಾವೇ ಅವಸರವನ್ನು ತಂದುಕೊಳ್ಳುತ್ತೇವೆ.

ಆ ನೀಲಿ ಗಂಟಿನ ನಂತರ ನಮ್ಮ ಬಳಗದ ಕೆಲವು ಮನೆಗಳು ಬೇರೊಂದು ಕ್ರಮಕ್ಕೆ ಬಂದಿವೆ. ಕಾಗದವನ್ನು ಪಿತೃಪಕ್ಷದಲ್ಲಿ ಇಳಿಸುತ್ತೇವೆ. ಆ ಹದಿನೈದು ದಿನ ಹೊಸದನ್ನು ಕೊಳ್ಳುವ ವಾಡಿಕೆಯಿಲ್ಲ, ಹೋದವರನ್ನು ನೆನೆಯುವ ವಾಡಿಕೆಯಿದೆ. ಹೋದವರ ಕೈಬರಹವನ್ನು ಬಿಡಿಸಿ ನೋಡಲು ಅದಕ್ಕಿಂತ ತಕ್ಕ ಕಾಲ ಯಾವುದು? ದಿನಕ್ಕೊಂದು ಗಂಟು, ಊಟವಾದ ಮೇಲೆ ಅರ್ಧ ಗಂಟೆ. ಕನ್ನಡ ಬಲ್ಲ ಹಿರಿಯರು ಓದುತ್ತಾರೆ, ಮಕ್ಕಳು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಮತ್ತು ವರ್ಷ ಬರೆಯುತ್ತೇವೆ. ಸಂಘಸಂಸ್ಥೆಗಳಿಗೆ ಸಂಬಂಧಿಸಿದ್ದು ಕಂಡರೆ ಆಯಾ ಸಂಘದವರನ್ನೋ, ಕಾಲಿನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರನ್ನೋ ಒಮ್ಮೆ ಕೇಳಿನೋಡುತ್ತೇವೆ. ಓದಿಯಾದ ಮೇಲೂ ಬೇಡವೆನ್ನಿಸಿದ್ದು ರದ್ದಿಗೆ ಹೋಗುತ್ತದೆ, ಮನಸ್ಸಿಗೆ ಚುಚ್ಚುವುದಿಲ್ಲ. ನವರಾತ್ರಿಯಲ್ಲಿ ಬಟ್ಟೆ ಮತ್ತು ಪಾತ್ರೆ. ಆಯುಧಪೂಜೆಯ ದಿನ ಹೇಗೂ ಮನೆಯ ಕತ್ತಿ, ಕತ್ತರಿ, ಯಂತ್ರ ಎಲ್ಲವನ್ನೂ ಒರೆಸುವುದಿರುತ್ತದೆ. ದೀಪಾವಳಿಯ ವಾರಕ್ಕೆ ಉಳಿಯುವುದು ಧೂಳು ಮತ್ತು ನೆಲ ಮಾತ್ರ. ಯಾರ ವಸ್ತುವೋ ಅವರೇ ಕುಳಿತು ತೀರ್ಮಾನಿಸಬೇಕು, ಒಬ್ಬರ ಗಂಟನ್ನು ಇನ್ನೊಬ್ಬರು ಎಸೆಯಬಾರದು ಎಂಬುದೊಂದೇ ಕಟ್ಟುಪಾಡು. ಸ್ಟೂಲು ಹತ್ತುವ ಸರದಿ ಗಂಡಸರದ್ದು. ಕಳೆದ ಸಲ ನರಕ ಚತುರ್ದಶಿಯ ಬೆಳಗ್ಗೆ ನಮ್ಮ ಮನೆಯ ಹೆಂಗಸರು ಎಲ್ಲರಿಗಿಂತ ಮೊದಲು ಎಣ್ಣೆ ಹಚ್ಚಿಸಿಕೊಂಡು ಕುಳಿತಿದ್ದರು.

ಅಮಾವಾಸ್ಯೆಯ ಲಕ್ಷ್ಮೀಪೂಜೆಯಂದು ಮರಾಠಿ ಮನೆಗಳಲ್ಲಿ ಹೊಸ ಕೇರಸುಣಿ ತಂದು ಅರಿಸಿನ ಕುಂಕುಮ ಇಟ್ಟು ಪೂಜಿಸುತ್ತಾರೆ. ಕರಾವಳಿಯವರ ಹಿಡಿಸೂಡಿ, ಬಯಲುಸೀಮೆಯವರ ಕಸಬರಿಗೆ ಅವರಿಗೆ ಲಕ್ಷ್ಮಿ. ಇಲ್ಲಿಗೆ ಬಂದ ಮೇಲೆ ನಮ್ಮಲ್ಲಿಯೂ ಹಲವು ಮನೆಯವರು ಈ ಪದ್ಧತಿಯನ್ನು ಕಲಿತರು. ಕಸವನ್ನು ದೂಡುವ ವಸ್ತು ದೇವರ ಮುಂದೆ ಕೂರುವುದರಲ್ಲಿ ಒಂದು ವಿವೇಕವಿದೆ. ಗುಡಿಸುವ ಕೈಗೆ ಯಾವುದು ಕಸ, ಯಾವುದು ಸಿರಿ ಎಂಬ ತಿಳಿವಳಿಕೆ ಬೇಕು. ಆ ತಿಳಿವಳಿಕೆಗೆ ಸಮಯ ಬೇಕು. ಪ್ಲೇಗಿನ ಸಿಪಾಯಿಗೆ ಅದು ಇರಲಿಲ್ಲ, ಮಳೆಗೆ ಇರಲಿಲ್ಲ, ಟೆಂಪೋದವನಿಗೆ ಇಲ್ಲ. ನಮಗೆ ಇದೆ.

ಈ ಸಲವೂ ನಮ್ಮ ಅಟ್ಟ ಇಳಿಯಿತು. ಹೋಗಬೇಕಾದದ್ದು ಹೋಯಿತು. ಹಡಗಿನಲ್ಲಿ ಬಂದ ಟ್ರಂಕನ್ನು ಒರೆಸಿ, ತುಕ್ಕಿಗೆ ಕೊಬ್ಬರಿ ಎಣ್ಣೆ ಸವರಿ, ಒಳಗಿನ ಕಾಗದಗಳ ಪಟ್ಟಿಯೊಂದನ್ನು ಮುಚ್ಚಳಕ್ಕೆ ಅಂಟಿಸಿ ಮತ್ತೆ ಮೇಲೇರಿಸಿದೆವು. ಈ ಬಾರಿ ಅದನ್ನು ಗೋಡೆಗೆ ಒತ್ತಿ ಇಡಲಿಲ್ಲ, ಕೈಗೆ ಸಿಗುವಂತೆ ಮುಂದಕ್ಕಿಟ್ಟೆವು.